ನೆರಳಿಲ್ಲದ ಪಾಳಿ

ಕೈ ಮುಗಿದದ್ದು ಒಂದು ಕ್ಷಣದ ಕೆಲಸ. ಆದರೆ ಆ ಕ್ಷಣ ಬಸವಪ್ರಸಾದನ ಅಂಗೈಗಳಿಗೆ ಅಂಟಿಕೊಂಡುಬಿಟ್ಟಿತ್ತು. ಊಟಕ್ಕೆ ಕೂತಾಗ, ಕಾರು ನಡೆಸುವಾಗ, ಕನ್ನಡಿಯ ಮುಂದೆ ಗಡ್ಡ ಕೆರೆಯುವಾಗ, ಅಂಗೈಗೆ ಅಂಗೈ ಒತ್ತಿದ ಆ ಬಿಸಿ ಹಾಗೆಯೇ ಇರುತ್ತಿತ್ತು. ಸೋಪಿನಿಂದ ತಿಕ್ಕಿದರೂ ಹೋಗಲಿಲ್ಲ.

ಗಜೇಂದ್ರಗಡದಿಂದ ರೋಣಕ್ಕೆ ಹೋಗುವ ದಾರಿಯಲ್ಲಿ, ಗಾಳಿಯಂತ್ರಗಳು ತಿರುಗುವ ಗುಡ್ಡದ ಮಗ್ಗುಲಿಗೆ, ಅವನ ಅಕ್ಕ ನಿರ್ಮಲಾಳ ಗಂಡ ಅಂದಾನಪ್ಪ ಒಂದು ಆಟದ ಉದ್ಯಾನ ಕಟ್ಟಿದ್ದ. ಗಾಳಿಗುಡ್ಡ ಎಂದು ಹೆಸರು. ನೀರಿನ ಜಾರುಬಂಡೆ, ತಿರುಗುವ ಬಟ್ಟಲುಗಳು, ನಡುವೆ ಹಡಗಿನ ಆಕಾರದ ದೊಡ್ಡ ಜೋಕಾಲಿ. ಸುತ್ತಿನ ಮೂರು ತಾಲೂಕಿನ ಮಕ್ಕಳು ಆ ಹಡಗು ಹತ್ತಲೆಂದೇ ಬರುತ್ತಿದ್ದರು. ಅಂದಾನಪ್ಪ ಅಬ್ಬಿಗೇರಿಯ ಎರೆಹೊಲದ ಮನೆತನದವನು, ಯಂತ್ರಗಳ ಹುಚ್ಚಿನವನು. ಗಾಲಿ, ಪಟ್ಟಿ, ಎಣ್ಣೆ ಅವನ ಕಡೆಗೆ. ಬಾಗಿಲು ಮತ್ತು ಟಿಕೆಟ್ಟು ನರಗುಂದದ ಅರಳೆ ವ್ಯಾಪಾರಿಗಳ ಮಗ ಬಸವಪ್ರಸಾದನ ಕಡೆಗೆ.

ಲಗೂ ಬಾಗಿಲು, ಅಂದರೆ ಬೇಗ ಒಳಗೆ ಬಿಡುವ ಬಾಗಿಲು, ಅವನದೇ ಕಲ್ಪನೆ. ಹಿಂದಿನ ದಿನವೇ ಮೊಬೈಲಿನಲ್ಲಿ ವೇಳೆ ಗೊತ್ತುಮಾಡಿ ಹೆಚ್ಚಿನ ದುಡ್ಡು ಕಟ್ಟಿದವರಿಗೆ ಮುಂಗೈಗೆ ಹಳದಿ ಪಟ್ಟಿ. ಪಟ್ಟಿ ತೋರಿಸಿದರೆ ಯಂತ್ರ ಕಿಚಕ್ ಎನ್ನುತ್ತದೆ, ಬಾಗಿಲು ತೆರೆಯುತ್ತದೆ, ಫ್ಯಾನು ಹಾಕಿದ ಚಪ್ಪರದಲ್ಲಿ ತುಸು ಕೂತು ನೇರವಾಗಿ ಹಡಗಿನ ಮುಂದಿನ ಸೀಟು. ಉಳಿದವರು ಕಬ್ಬಿಣದ ಕಟಾಂಜನಗಳ ನಡುವೆ ಹಾವಿನಂತೆ ಸುತ್ತುವ ಪಾಳಿಯಲ್ಲಿ ನಿಲ್ಲಬೇಕು. ತಾನು ಮಾರುವುದು ವೇಗವನ್ನಲ್ಲ, ಮತ್ತೊಬ್ಬರ ನಿಧಾನವನ್ನು ಎಂದು ಬಸವಪ್ರಸಾದ ಬಹಳ ಬೇಗ ಅರಿತಿದ್ದ. ಮೊದಲ ಬೇಸಿಗೆಯಲ್ಲೇ ಪಾಳಿಯ ಮೇಲಿದ್ದ ಹಸಿರು ಬಲೆಯನ್ನು ತೆಗೆಸಿಹಾಕಿದ. ನೆರಳು ಕೊಟ್ಟರೆ ಹಳದಿ ಪಟ್ಟಿ ಯಾರು ಕೊಳ್ಳುತ್ತಾರೆ? ಬಿಸಿಲು ಸಂಬಳ ಕೇಳದ ಆಳು, ತಾನೇ ನಿಂತು ಟಿಕೆಟ್ ಮಾರುತ್ತದೆ ಎಂದು ನಗುತ್ತಿದ್ದ.

ಆ ದಿನ ಶಿರೋಳದ ಕೂಲಿಯಾಳು ಉಡಚಪ್ಪನ ಬಸುರಿ ಹೆಂಡತಿ ಪಾಳಿಯಲ್ಲಿ ಕಣ್ಣು ಕತ್ತಲೆ ಬಂದು ಕುಸಿದಳು. ಉಡಚಪ್ಪ ನಡುವೆ ಕಟ್ಟಿದ್ದ ಹಗ್ಗ ಎತ್ತಿ ಅವಳನ್ನು ಲಗೂ ಬಾಗಿಲಿನ ಚಪ್ಪರದಲ್ಲಿ ಮಲಗಿಸಿದ. ಬಸವಪ್ರಸಾದ ಓಡಿಬಂದ. ಮುಷ್ಟಿ ಬಿಗಿದು ಉಡಚಪ್ಪನ ಬಾಯಿಗೆ ಹೊಡೆದ. ಹಲ್ಲು ಮುರಿದ ಸದ್ದು ಅವನ ಮೊಣಕೈವರೆಗೆ ಕೇಳಿಸಿತು. ಮತ್ತೆ ಹೊಡೆಯಲು ಎತ್ತಿದ ಕೈಯನ್ನು ಹಿಂದಿನಿಂದ ಅಂದಾನಪ್ಪ ಹಿಡಿದ.

"ಕೈ ಮುಗಿ ಆಂವಗ."

"ಮಾಮಾ, ಮಂದಿ ನೋಡಾಕತ್ತೈತಿ."

"ಹೊಡ್ಯೂವಾಗೂ ನೋಡಾಕತ್ತಿತ್ತು. ಮುಗಿ."

ಮುಗಿದ. ಪಾಳಿಯ ಅಷ್ಟೂ ತಲೆಗಳು ಇತ್ತ ತಿರುಗಿದ್ದವು. ಉಡಚಪ್ಪ ಬಾಯಿಂದ ರಕ್ತ ಒರೆಸಿಕೊಂಡು, "ಇರ್ಲಿ ಬಿಡ್ರಿ ಧಣಿ, ಬಿಸಲಿಗೆ ಎಲ್ಲಾರ ತಲಿನೂ ಕಾಯ್ತೈತಿ," ಎಂದ. ಆ ಕ್ಷಮೆ ಬಸವಪ್ರಸಾದನಿಗೆ ಅಂದಾನಪ್ಪನ ಹಿಡಿತಕ್ಕಿಂತ ಹೆಚ್ಚು ನೋಯಿಸಿತು.

ಸಂಜೆ ಅಂದಾನಪ್ಪ ಎಣ್ಣೆಕೈ ಒರೆಸಿಕೊಳ್ಳುತ್ತ, ದನಿ ಏರಿಸದೆ ಹೇಳಿದ. "ಬಸವ ಜಯಂತಿ ಒಂದು ಮುಗೀಲಿ. ಮರುದಿನಾನ ಲಗೂ ಬಾಗಲಾ ಮುಚ್ಚತೀನಿ. ಎಲ್ಲಾರಿಗೂ ಒಂದ ಪಾಳಿ. ನೀನೂ ನರಗುಂದಕ್ಕ ಹೋಗಿ ಅರಳಿ ನೋಡ್ಕೋ. ಬಾಗಲಾ ಕಾಯೂ ಕೆಲಸ ನಿನಗ ಒಗ್ಗಂಗಿಲ್ಲ."

ಹಾಗಾದರೆ ಬಸವ ಜಯಂತಿ ಮುಗಿಯುವುದರೊಳಗೆ ಅಂದಾನಪ್ಪ ಸಾಯಬೇಕು. ಈ ತೀರ್ಮಾನಕ್ಕೆ ಬರಲು ಬಸವಪ್ರಸಾದನಿಗೆ ಕಷ್ಟವಾಗಲಿಲ್ಲ. ಅಕ್ಕ ಅಳುತ್ತಾಳೆ. ಅತ್ತು ಮುಗಿದ ಮೇಲೆ, ಮುಂದೇನು ತಮ್ಮಾ ಎಂದು ಕೇಳುತ್ತಾಳೆ. ಮಕ್ಕಳಿಲ್ಲದ ಅವಳಿಗೆ ಕೇಳಲು ಬೇರೆ ಯಾರಿದ್ದಾರೆ? ಆಗ ಲಗೂ ಬಾಗಿಲು ಇನ್ನಷ್ಟು ಅಗಲವಾಗುತ್ತದೆ.

ಮಾರ್ಗ ಕಣ್ಣೆದುರಿಗೇ ಇತ್ತು. ಹಡಗಿನ ಹೊಟ್ಟೆಯ ಕೆಳಗೆ ಒಂದು ಕುಣಿ, ಮೆಟ್ಟಿಲಿಳಿದು ಹೋಗುವ ತಗ್ಗು. ಅದರಲ್ಲಿ ಮೋಟಾರು, ಮೋಟಾರಿಗೆ ಒಂದು ದಪ್ಪ ಗಾಲಿ. ಆ ಗಾಲಿ ಹಡಗಿನ ತಳಕ್ಕೆ ಉಜ್ಜಿ ಅದನ್ನು ತೂಗುತ್ತದೆ. ಹಿಂದೊಮ್ಮೆ ಆಳೊಬ್ಬನ ಬೆರಳು ಅಲ್ಲಿ ಜಜ್ಜಿಹೋದಾಗಿನಿಂದ ಅಂದಾನಪ್ಪ ಬೇರೆ ಯಾರನ್ನೂ ಅದರೊಳಗೆ ಇಳಿಸುತ್ತಿರಲಿಲ್ಲ. ಮಧ್ಯಾಹ್ನ ಹಡಗು ನಡೆಸುವ ಖಾದರ ಊಟಕ್ಕೆ ಹೋದಾಗ ಕಟಕಟೆಗೆ ಒಂದು ಕೆಂಪು ಅರಿವೆ ಕಟ್ಟಿ, ತಾನೇ ಇಳಿದು ಗಾಲಿ ನೋಡುತ್ತಿದ್ದ. ಅರಿವೆ ಇರುವ ತನಕ ಖಾದರ ಹಡಗನ್ನು ಮುಟ್ಟುವುದಿಲ್ಲ. ಅರಿವೆ ಇಲ್ಲದಿದ್ದರೆ ಗಂಟೆ ಬಾರಿಸುತ್ತಾನೆ, ಹಿಡಿಕೆ ಎಳೆಯುತ್ತಾನೆ. ಕುಣಿಯೊಳಗೆ ಅವನ ಕಣ್ಣು ಹೋಗುವುದಿಲ್ಲ.

ಅಂದರೆ ಮಾಡಬೇಕಾದದ್ದು ಎರಡೇ. ಅಂದಾನಪ್ಪನನ್ನು ಅಲ್ಲಾಡದಂತೆ ಮಲಗಿಸುವುದು. ಅರಿವೆಯನ್ನು ಅವನ ಕಿಸೆಯಲ್ಲೇ ಇಡುವುದು, ಕಟ್ಟಲು ಮರೆತಂತೆ. ಉಳಿದದ್ದನ್ನು ಖಾದರನ ಕೈ ಮಾಡುತ್ತದೆ.

ಕುಣಿಯಲ್ಲಿ ಒಂದು ಕಂದು ನಾಯಿ ಮಲಗುತ್ತಿತ್ತು. ಅದು ಬೊಗಳಬಾರದು. ಹಬ್ಬಕ್ಕೆ ಕೆಲವು ದಿನ ಮೊದಲು ಬಸವಪ್ರಸಾದ ಅಲ್ಲಿಗೆ ಇಳಿದಾಗ ಅದು ಬಾಲ ಆಡಿಸುತ್ತ ಬಂದು ಅವನ ಬೂಟು ಮೂಸಿತು. ಗೋಡೆಗೆ ಆನಿಸಿದ್ದ, ನಟ್ಟು ಬಿಗಿಯುವ ಉದ್ದನೆಯ ಕಬ್ಬಿಣದ ಪಾನಾ ಎತ್ತಿ ಹೊಡೆದ. ಒಂದು ಏಟಿಗೆ ಸಾಯುತ್ತದೆ ಎಂದುಕೊಂಡಿದ್ದ, ಸಾಯಲಿಲ್ಲ. ಹಿಂಗಾಲು ಎಳೆದುಕೊಂಡು ಅವನ ಕಡೆಗೇ ತೆವಳಿತು, ಹೊಡೆದವನು ಬೇರೆ ಯಾರೋ, ಇವನು ಕಾಪಾಡುತ್ತಾನೆ ಎಂಬಂತೆ. ಮೂರನೆಯ ಏಟಿಗೆ ತಲೆಬುರುಡೆ ಒಳಗೆ ಹೋಯಿತು. ತಲೆ ತೆಂಗಿನಕಾಯಿಯಲ್ಲ, ಕಿವಿಯ ಹಿಂದೆ ಹೊಡೆಯಬೇಕು ಎಂಬ ಪಾಠ ಕಲಿತು ಮೇಲೆ ಬಂದ. ಹಡಗು ಬಡಿದು ಸತ್ತಿದೆ ಎಂದು ನಂಬಿ ಅಂದಾನಪ್ಪ ನಾಯಿಯನ್ನು ಬೇವಿನ ಗಿಡದ ಬುಡದಲ್ಲಿ ಹೂಳಿದ, ಆ ದಿನ ಊಟ ಮಾಡಲಿಲ್ಲ. ಇದೂ ಒಳ್ಳೆಯದೇ ಆಯಿತು. ಕುಣಿ ಅಪಾಯದ ಜಾಗ ಎಂಬುದು ಎಲ್ಲರ ಬಾಯಿಗೆ ಬಂತು.

ಅಪ್ಪ ಅರಳೆಯ ಗೋದಾಮಿಗೆ ಎರಡು ಕೀಲಿ ಹಾಕುತ್ತಿದ್ದ. ಬಸವಪ್ರಸಾದನೂ ಒಂದೇ ಕೀಲಿ ನಂಬಿ ಮಲಗುವವನಲ್ಲ. ಮೊದಲ ಕೀಲಿ, ಇದು ಅಪಘಾತ. ಅದನ್ನು ಯಾರಾದರೂ ತೆಗೆದರೆ, ಎರಡನೆಯದು: ಆ ಹೊತ್ತಿನಲ್ಲಿ ತಾನು ಬೇರೆಲ್ಲೋ ಇದ್ದೆ.

ಎಲ್ಲಿ ಇರಬೇಕು ಎಂದು ಯೋಚಿಸುವಾಗ ಅವನಿಗೆ ತನ್ನ ಜಾಣತನದ ಬಗ್ಗೆ ತಾನೇ ಬೆರಗಾಗುವಂಥ ಹೊಳಹೊಂದು ಬಂತು. ಲಗೂ ಬಾಗಿಲಿಗೆ ನೆನಪಿದೆ. ಯಾರು, ಯಾವಾಗ, ಯಾವ ಸೀಟು, ಎಲ್ಲವನ್ನೂ ಯಂತ್ರ ಬರೆದಿಟ್ಟುಕೊಳ್ಳುತ್ತದೆ; ಮೇಲೆ ಕ್ಯಾಮೆರಾ ಬೇರೆ. ಪಾಳಿಗೆ ನೆನಪಿಲ್ಲ. ಬಿಸಿಲಲ್ಲಿ ನಿಂತವರ ಹೆಸರು ಯಾರಿಗೂ ಬೇಡ. ಅಲ್ಲಿ ಮನುಷ್ಯ ಎಂದರೆ ಮುಂದಿನವನ ಕತ್ತಿನ ಹಿಂಭಾಗ, ಅಷ್ಟೆ. ಬಾಲದಲ್ಲಿ ಒಬ್ಬ ತನ್ನನ್ನು ನೋಡಬೇಕು, ತಲೆಯಲ್ಲಿ ಒಬ್ಬ ನೋಡಬೇಕು. ಬಾಲದಲ್ಲಿ ಕಂಡವನು ತಲೆಯಲ್ಲಿ ಕಂಡರೆ ನಡುವೆ ಇದ್ದೇ ಇರಬೇಕು. ಪಾಳಿಯೆಂದರೆ ಅದೇ ತಾನೇ?

ಅವನು ಹುಟ್ಟಿದಂದಿನಿಂದ ಯಾವ ಪಾಳಿಯಲ್ಲೂ ನಿಂತವನಲ್ಲ. ಗ್ಯಾಸಿಗೆ, ಬ್ಯಾಂಕಿಗೆ, ದವಾಖಾನೆಯ ಚೀಟಿಗೆ, ದೇವರ ದರ್ಶನಕ್ಕೆ ಕೂಡ ಪಾಳಿ ಹಚ್ಚುವುದು ಮನೆಯ ಆಳು ಬಸ್ಯಾನ ಕೆಲಸ. ಬಸ್ಯಾನ ತಲೆ ಮುಂದೆ ಬಂದಾಗ ಇವನು ಕಾರಿನಿಂದ ಇಳಿಯುತ್ತಿದ್ದ. ಆದರೂ ಪಾಳಿಯನ್ನು ಅವನಷ್ಟು ಓದಿದವರು ಯಾರು? ಅದು ಎಲ್ಲಿ ತಿರುಗುತ್ತದೆ, ಎಲ್ಲಿ ದಟ್ಟವಾಗುತ್ತದೆ, ಎಲ್ಲಿ ಜನ ಬೇಸತ್ತು ಹಳದಿ ಪಟ್ಟಿ ಕೇಳುತ್ತಾರೆ ಎಲ್ಲವೂ ಅವನಿಗೆ ಗೊತ್ತು. ಹಡಗಿನ ಚಿತ್ರ ಬರೆದ ಹಲಗೆಗೋಡೆಯ ಹಿಂದೆ ಪಾಳಿ ಮರೆಯಾಗಿ ತಿರುಗುವ ಜಾಗದಲ್ಲಿ ಒಂದು ಹಲಗೆ ಸಡಿಲವಾಗಿತ್ತು. ಅದರಾಚೆ ಕುಣಿಯ ಮೆಟ್ಟಿಲು.

ಪಾಳಿಯಲ್ಲಿ ನಿಲ್ಲಲು ಕಾರಣವನ್ನು ಉಡಚಪ್ಪನೇ ಒದಗಿಸಿದ್ದ. ಹಬ್ಬದ ಹಿಂದಿನ ಸಂಜೆ ಬಸವಪ್ರಸಾದ ಅಕ್ಕನ ಮನೆಗೆ ಹೋಗಿ, ತಲೆ ತಗ್ಗಿಸಿ ಹೇಳಿದ. "ಮಾಮಾ, ನಾಳಿ ನಾನೂ ಎಲ್ಲಾರಂಗ ಪಾಳಿ ಹಚ್ಚತೀನಿ. ಮಾಡಿದ ತಪ್ಪಿಗೆ ಅಷ್ಟರ ಆಗ್ಲಿ."

ಅಂದಾನಪ್ಪನ ಮುಖ ಅರಳಿತು. ಭಾವಮೈದುನನ ಬೆನ್ನು ಸವರಿದ. ನಿರ್ಮಲಾ ಒಳಗಿಂದಲೇ ಕಣ್ಣೊರೆಸಿಕೊಂಡಳು.

"ಬಿಸಲಾಗ ನಿಂದರ್ತಿಯೇನೋ? ನೀ ಅರಳಿ ಗಾದಿ ಮ್ಯಾಲೆ ಬೆಳದ ಕೂಸು," ಎಂದು ಅಂದಾನಪ್ಪ ನಕ್ಕ.

"ಎಲ್ಲಾರೂ ನಿಂದರ್ತಾರಲ್ಲ ಮಾಮಾ."

ಅಂದಾನಪ್ಪ ನಗುವುದನ್ನು ನಿಲ್ಲಿಸಿದ. "ಹೌದು. ಎಲ್ಲಾರೂ ನಿಂದರ್ತಾರ," ಎಂದು ತನ್ನಷ್ಟಕ್ಕೆ ಅಂದುಕೊಂಡ. ಆಮೇಲೆ ಒಳಗೆ ಹೋಗಿ ಹೆಂಡತಿಗೆ ಏನೋ ಹೇಳಿದ. ಬಸವಪ್ರಸಾದ ಅದನ್ನು ಕೇಳಿಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಮಾವನ ಕಿವಿಯ ಹಿಂದಿನ ಮೆತ್ತನೆಯ ಜಾಗವನ್ನು ಅವನು ನೋಡಿಟ್ಟುಕೊಂಡಿದ್ದ.

ಹಬ್ಬದ ಬೆಳಿಗ್ಗೆ ನರಗುಂದದಿಂದ ಹೊರಟು ರೋಣ ದಾಟಿ ಜಕ್ಕಲಿಯ ಹತ್ತಿರ ಬಂದಾಗ ಊರ ನಳದ ಮುಂದೆ ರಸ್ತೆಯಂಚಿನ ತನಕ ಬಣ್ಣಬಣ್ಣದ ಕೊಡಗಳು ಒಂದರ ಹಿಂದೆ ಒಂದು ನಿಂತಿದ್ದವು. ಹೆಂಗಸರು ದೂರದ ಕಟ್ಟೆಯ ಮೇಲೆ ನೆರಳಲ್ಲಿ ಕೂತು ಮಾತಾಡುತ್ತಿದ್ದರು. ಬಸವಪ್ರಸಾದ ಹಾರ್ನ್ ಹೊಡೆದ. ಕೊಡಗಳು ಹೇಗೆ ಸರಿಯುತ್ತವೆ? ಕೊನೆಯ ಕೊಡದ ಮೇಲೆ ಗಾಲಿ ಹಾಯಿಸಿಕೊಂಡು ಹೋದ. ಪ್ಲಾಸ್ಟಿಕ್ಕು ಒಡೆದ ಸದ್ದು ಹಿತವಾಗಿತ್ತು. "ಕಣ್ಣಾಗ ಏನ್ ಸುಣ್ಣ ಬಿದ್ದೈತೇನೋ ನಿಂದು," ಎಂದು ಹಿಂದಿನಿಂದ ಒಬ್ಬಳು ಕೂಗಿದಳು.

ಪಾಳಿಯ ಬಾಯಲ್ಲಿ ಕಲ್ಲೇಶ ಟಿಕೆಟ್ ಹರಿಯುತ್ತಿದ್ದ. ಧಣಿಯ ಟಿಕೆಟ್ ನೋಡಿ ಕೈ ತಡೆದ.

"ನೀವು ಈ ಕಡೆ ಯಾಕ್ರೀ?"

"ಹರೀಪಾ. ನಾನೂ ಮನುಷ್ಯಾನ."

ಮಾತು ನಾಲ್ಕು ಜನರಿಗೆ ಕೇಳುವಷ್ಟು ಜೋರಾಗಿತ್ತು. ಕಲ್ಲೇಶ ಈ ಮಾತನ್ನು ಮರೆಯಲಾರ. ಬಸವಪ್ರಸಾದ ಒಳಗೆ ಹೋಗಿ ನಿಂತ. ಜನ ಭುಜಕ್ಕೆ ಭುಜ ಒತ್ತಿ ನಿಂತಿದ್ದರು. ಮುಂದೆ ಬೇಕಾಗುವ ವಿವರಗಳನ್ನು ನಿಧಾನವಾಗಿ ಆರಿಸಿಕೊಂಡ: ಮುಂದೆ ಕೊಬ್ಬರಿಎಣ್ಣೆ ಸೋರುವ ದಪ್ಪ ಕುತ್ತಿಗೆ, ಅದರ ಮೇಲೆ ಮಚ್ಚೆ, ಪಕ್ಕದಲ್ಲಿ ಅಳುವ ಕೂಸು, ಹಿಂದಿನಿಂದ ಬೂಟಿನ ಹಿಮ್ಮಡಿ ತುಳಿಯುವ ಯಾವುದೋ ಹೆಂಗಸು. ಕುಣಿಯಲ್ಲಿ ಎಣ್ಣೆ ಮತ್ತು ಕಬ್ಬಿಣದ ಚೂರು ಇರುತ್ತವೆಂದು ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡಿದ್ದ. ಬಿಸಿಲು ಏರಿತು. ಪಾಳಿ ತಿರುವಿಗೆ ಬಂತು. ಲೇಸು ಕಟ್ಟುವವನಂತೆ ಬಗ್ಗಿ, ಹಲಗೆ ಸರಿಸಿ ಒಳಗೆ ಜಾರಿದ. ಮುಂದಿನವರು ಇವನು ಹಿಂದೆ ಬಿದ್ದ ಎಂದುಕೊಳ್ಳುತ್ತಾರೆ, ಹಿಂದಿನವರು ಮುಂದೆ ಹೋದ ಎಂದುಕೊಳ್ಳುತ್ತಾರೆ.

ಕುಣಿಯ ಮೂಲೆಯಲ್ಲಿ ಕೂತ. ತಲೆಯ ಮೇಲೆ ಹಡಗು ಹೋಗಿ ಬರುತ್ತಿತ್ತು. ಪ್ರತಿ ಸಲ ಒಂದು ಗಾಳಿ ಬಂದು ಮುಖಕ್ಕೆ ಹೊಡೆಯುತ್ತಿತ್ತು. ಗಾಲಿಯ ಮೊರೆತದ ನಡುವೆ ಧ್ವನಿವರ್ಧಕದಲ್ಲಿ ಮಾವನ ದನಿ ಕೇಳಿಸಿತು; ಮಾತು ತಿಳಿಯಲಿಲ್ಲ. ಆಮೇಲೆ ಜನ ಒಟ್ಟಾಗಿ ನಕ್ಕ ಸದ್ದು, ಹೋ ಎಂಬ ಕೂಗು. ಹಬ್ಬದ ಶುಭಾಶಯ ಇರಬೇಕು ಎಂದುಕೊಂಡ. ಪಾನಾ ತೊಡೆಯ ಮೇಲೆ ತಣ್ಣಗಿತ್ತು.

ಹಡಗು ನಿಂತಿತು. ಎಂದಿಗಿಂತ ತಡವಾಗಿ ಅಂದಾನಪ್ಪ ಇಳಿದು ಬಂದ. ತೋಳು ತೊಯ್ದಿತ್ತು, ಅಂಗಿಯಿಂದ ಮಜ್ಜಿಗೆಯ ಕರಿಬೇವಿನ ವಾಸನೆ ಬರುತ್ತಿತ್ತು.

"ಯಾರದು? ಪ್ರಸಾದೂ?" ಅಂದಾನಪ್ಪನಿಗೆ ನಗು ಬಂತು. "ಎಲ್ಲಾ ಕಡೆ ಹುಡಿಕಿದ್ನೋ ನಿನ್ನ. ಬಿಸಲು ತಡ್ಯಾಕ ಆಗದ ಇಲ್ಲಿ ಬಂದು ಕುಂತೀ? ಮ್ಯಾಲೆ ಬಾ, ನಿಮ್ಮಕ್ಕ ಮಾಡಿದ ಮಜ್ಜಿಗಿ ಐತಿ. ಇದೊಂದು ನೋಡಿ ಬಿಡ್ತೀನಿ ತಡಿ."

ಹಾಗೆಂದು ಬೆನ್ನು ತಿರುಗಿಸಿ ಗಾಲಿಯ ಕಡೆಗೆ ಬಗ್ಗಿದ.

ಬಸವಪ್ರಸಾದ ಕಿವಿಯ ಹಿಂದೆ ಹೊಡೆದ. ಅಂದಾನಪ್ಪ ಬೀಳಲಿಲ್ಲ, ಮಂಡಿಯೂರಿದ. ಮೋಟಾರು ಬಡಿಯಿತು ಎಂದುಕೊಂಡನೋ ಏನೋ, "ಸರಿ, ಸರಿ ಹಿಂದ," ಎಂದು ಭಾವಮೈದುನನನ್ನೇ ಕೈಯಿಂದ ದೂರ ತಳ್ಳಿದ, ಅವನಿಗೆ ಪೆಟ್ಟಾಗದಿರಲೆಂದು. ಎರಡನೆಯ ಏಟು ಆ ಕೈಯ ಮೇಲೆ ಬಿತ್ತು. ಬೆರಳುಗಳು ಕಡ್ಡಿಯಂತೆ ಮುರಿದವು. ಆಗ ಅಂದಾನಪ್ಪ ತಿರುಗಿ ನೋಡಿದ. ನೋಡಿದ ಮೇಲೆ ಕೂಗಲಿಲ್ಲ. ಅದು ಬಸವಪ್ರಸಾದನಿಗೆ ಸೋಜಿಗವಾಯಿತು. ಮೂರನೆಯ ಏಟಿಗೆ ಹಣೆ ಬಿರಿದು ರಕ್ತ ಕಣ್ಣಿಗಿಳಿಯಿತು. ನೆಲಕ್ಕೆ ಬಿದ್ದವನು ಕುರುಡನಂತೆ ತಡಕಾಡಿ ಬೂಟು ಹಿಡಿದುಕೊಂಡ. ಎಂಥ ಹಿಡಿತ! ಬಸವಪ್ರಸಾದ ಇನ್ನೊಂದು ಕಾಲಿನಿಂದ ಆ ಮುಂಗೈಯನ್ನು ತುಳಿದ, ಮೂಳೆ ಸದ್ದು ಮಾಡುವ ತನಕ ತುಳಿದ, ಮತ್ತೆ ಕಿವಿಯ ಹಿಂದೆ ಅದೇ ಜಾಗಕ್ಕೆ ಹೊಡೆದ. ಹಿಡಿತ ಸಡಿಲವಾಯಿತು. ಗಂಟಲಲ್ಲಿ ಗೊರಗೊರ ಎನ್ನುತ್ತಿತ್ತು, ಇನ್ನೂ ಜೀವವಿತ್ತು. ಇರಲಿ. ಹಡಗಿಗೂ ಒಂದಿಷ್ಟು ಕೆಲಸ ಉಳಿಯಬೇಕು.

ಕಂಕುಳಲ್ಲಿ ಕೈ ಹಾಕಿ ಎಳೆದು, ಹಡಗಿನ ತಳ ಹಾಯುವ ಅಂಚಿಗೆ ತಲೆ ಬರುವಂತೆ ಮಲಗಿಸಿದ. ಪಾನಾವನ್ನು ಹಳೆ ಎಣ್ಣೆಯ ಪೀಪಾಯಿಗೆ ಇಳಿಬಿಟ್ಟ. ಕೆಳಗಿನಿಂದಲೇ ಕೈ ಚಾಚಿ ಕಟಕಟೆಯ ಕೆಂಪು ಅರಿವೆ ಬಿಚ್ಚಿ ಮಾವನ ಕಿಸೆಗೆ ತುರುಕಿದ. ಎಳೆದಾಟದಲ್ಲಿ ಬಿಚ್ಚಿದ್ದ ಬೂಟಿನ ಲೇಸನ್ನು ಬಿಗಿಯಾಗಿ ಕಟ್ಟಿಕೊಂಡು, ಗೋಡೆಯ ಇನ್ನೊಂದು ತುದಿಯಿಂದ, ಪಾಳಿಯ ತಲೆಯ ಹತ್ತಿರ ಹೊರಬಂದ.

ನೆಲಕ್ಕೆ ಯಾರೋ ನೀರು ಹೊಡೆದಿದ್ದರು. ಕಲ್ಲುಹಾಸಿನ ಮೇಲೆ ಬರಿಗಾಲಿನ ಒದ್ದೆ ಗುರುತುಗಳು. ಗುಡಿಗೆ ಬಂದಂತೆ ಬಂದಿದ್ದಾರೆ ಈ ಜನ ಎಂದು ಮೂಗು ಮುರಿದ. ಊಟದ ಬಿಡುವು ಮುಗಿದು ಬಾಗಿಲು ತೆರೆಯುವ ಹೊತ್ತು. ಜನ ನಗುತ್ತ, ಒಬ್ಬರನ್ನೊಬ್ಬರು ತಳ್ಳುತ್ತ, ಬಗ್ಗಿ ಏಳುತ್ತ ಗದ್ದಲ ಮಾಡುತ್ತಿದ್ದರು. ಇದಕ್ಕಿಂತ ಒಳ್ಳೆಯ ಗದ್ದಲ ಬೇಕೆಂದರೂ ಸಿಗದು. ನಡುವೆ ಸೇರಿಕೊಂಡ.

"ಯಪ್ಪಾ, ಇಲ್ಲಿ ನೋಡ್ರಿ." ಹಿಂದೆ ಒಬ್ಬ ಮುದುಕಿ, ಕೈಯಲ್ಲಿ ಸ್ಟೀಲಿನ ಗ್ಲಾಸು. "ಇದೊಂದು ಗ್ಲಾಸ ಮಜ್ಜಿಗಿ ಉಳದೈತಿ. ನಿಮಗ ಸಿಕ್ಕಂಗ ಕಾಣಲಿಲ್ಲ. ಮಾರಿ ಎಷ್ಟ್ ಕೆಂಪಾಗೈತಿ ನೋಡ್ರಿ. ಕುಡೀರಿ."

ಪಾಳಿಯುದ್ದಕ್ಕೂ ಮಜ್ಜಿಗೆ ಹಂಚಿದ್ದಾರೆ ಎಂದು ಅವನಿಗೆ ಅರ್ಥವಾಯಿತು. ಗುಟುಕರಿಸಿದ. ಅಕ್ಕನ ಕೈಯ ರುಚಿ. ಮುದುಕಿ ಅವನ ಬೂಟುಗಳನ್ನು ಒಮ್ಮೆ ನೋಡಿ, ಮುಖ ನೋಡಿ, ಹಲ್ಲಿಲ್ಲದ ಬಾಯಿಂದ ನಕ್ಕಳು.

"ನಿನ್ನ ಹೆಸರೇನಬೇ?"

"ಗುಡ್ಡವ್ವ ಅಂತಾರ್ರೀ. ಜಕ್ಕಲಿಯಾಕಿ."

ಇನ್ನೊಬ್ಬ ಸಾಕ್ಷಿ. ಕೇಳದೆಯೇ ಬಂದಳು.

ಖಾದರ ಬಂದು ಕಟಕಟೆ ನೋಡಿದ. ಅರಿವೆ ಇರಲಿಲ್ಲ. "ಧಣೇರ, ನೀವ ಮದ್ಲ ಬರ್ರಿ," ಎಂದು ಬಸವಪ್ರಸಾದನನ್ನು ಕರೆದ. "ಬ್ಯಾಡಪಾ, ಎಲ್ಲಾರದೂ ಆಗ್ಲಿ," ಎಂದ ಬಸವಪ್ರಸಾದ. ಹಳದಿ ಪಟ್ಟಿಯ ಮಕ್ಕಳು ಮುಂದಿನ ಸೀಟುಗಳಲ್ಲಿ ಕೂತರು. ಖಾದರ ಗಂಟೆ ಬಾರಿಸಿದ. ಹಡಗು ಮೆಲ್ಲಗೆ ಹಿಂದೆ ಹೋಯಿತು, ಮುಂದೆ ಬಂತು. ಎರಡನೆಯ ತೂಗಿಗೆ ಕೆಳಗಿನಿಂದ ಒದ್ದೆ ಮೂಟೆಗೆ ಒನಕೆ ಬಿದ್ದಂಥ ಸದ್ದು. ಮೂರನೆಯದಕ್ಕೆ ಮತ್ತೆ. ಮಕ್ಕಳು ಖುಷಿಯಿಂದ ಕಿರುಚುತ್ತಿದ್ದರು. ನಾಲ್ಕನೆಯ ಸಲ ಹಡಗಿನ ಬಿಳಿಯ ಹೊಟ್ಟೆ ಮೇಲೆದ್ದಾಗ ಅದರ ಮೇಲೆ ಉದ್ದನೆಯ ಕೆಂಪು ಪಟ್ಟೆಯಿತ್ತು, ಅದಕ್ಕೆ ಕೂದಲು ಅಂಟಿತ್ತು. ಕಿರುಚಾಟದ ಬಗೆ ಬದಲಾಯಿತು.

ಎಲ್ಲರಿಗಿಂತ ಮೊದಲು ಕುಣಿಗೆ ಹಾರಿದವನು ಬಸವಪ್ರಸಾದ. ಮಾವನ ಉಳಿದಷ್ಟು ತಲೆಯನ್ನು ಎದೆಗೊತ್ತಿಕೊಂಡು ಅತ್ತ. ಅಂಗಿಗೆ, ಬೂಟಿಗೆ ಮೊದಲೇ ಏನಾದರೂ ಸಿಡಿದಿದ್ದರೆ ಅದೆಲ್ಲ ಈಗ ಒಂದೇ ರಕ್ತವಾಯಿತು. ಮೇಲೆ ಖಾದರ ಹಣೆ ಹಣೆ ಬಡಿದುಕೊಂಡು, "ಅರಿವಿ ಇದ್ದಿಲ್ರಿ, ಅಲ್ಲಾನ ಆಣಿ, ಅರಿವಿ ಇದ್ದಿಲ್ರಿ," ಎನ್ನುತ್ತಿದ್ದ.

ಅಂದಾನಪ್ಪನ ಮಣ್ಣು ಮಾಡುವುದು ಮುಗಿಯಿತು. ಮುಂದಿನ ದಿನಗಳಲ್ಲಿ ಬಸವಪ್ರಸಾದ ಆ ಮಧ್ಯಾಹ್ನದ ಬಗ್ಗೆ ಯಾರನ್ನೂ ಏನೂ ಕೇಳಲಿಲ್ಲ. ಕುತೂಹಲ ತೋರಿಸುವುದು ತಪ್ಪಿತಸ್ಥರ ಲಕ್ಷಣ. ಯಾರಾದರೂ ಆ ಮಾತು ತೆಗೆದರೆ ಕಿವಿ ಮುಚ್ಚಿಕೊಂಡು ಎದ್ದು ಹೋಗುತ್ತಿದ್ದ. ಪಾಪ, ತಡೆಯಲಾರ ಎಂದು ಜನ ಸುಮ್ಮನಾಗುತ್ತಿದ್ದರು.

ಮೊದಲ ಕೀಲಿ ತೆರೆಯಿತು. ಹಡಗಿನ ದುಂಡು ತಳ ಕಿವಿಯ ಹಿಂದೆ ಎರಡು ಬೆರಳಗಲದ ನೇರ ಗಾಯ ಮಾಡಲಾರದು, ಮುಂಗೈಯನ್ನು ನೆಲಕ್ಕೆ ತುಳಿಯಲಾರದು ಎಂದು ಡಾಕ್ಟರು ಹೇಳಿದರಂತೆ. ಎಣ್ಣೆಯ ಪೀಪಾಯಿಯಲ್ಲಿ ಪಾನಾ ಸಿಕ್ಕಿತು. ಬಸವಪ್ರಸಾದ ಹೆದರಲಿಲ್ಲ. ಎರಡನೆಯ ಕೀಲಿ ಇಂಥ ದಿನಕ್ಕೆಂದೇ ಇತ್ತು.

ಪಿಎಸ್ಐ ಶ್ವೇತಾ ಉದ್ಯಾನದ ಆಫೀಸಿನಲ್ಲೇ ಎಲ್ಲರನ್ನೂ ಒಬ್ಬೊಬ್ಬರಾಗಿ ಮಾತಾಡಿಸಿದಳು. ಇವನನ್ನು ಕೊನೆಗೆ ಕರೆದಳು. ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಇನ್ನೂ ಚಿಕ್ಕ ವಯಸ್ಸು, ಮೆಲುದನಿ. ಬಸವಪ್ರಸಾದನಿಗೆ ಮನಸ್ಸು ಹಗುರಾಯಿತು.

"ಮುಂಜಾನಿ ಪಾಳಿ ಹಚ್ಚಿದ್ರಿ ಅಂತ ಕಲ್ಲೇಶ ಹೇಳ್ಯಾನ. ಹಡಗ ಬಿಡೂ ಮುಂದ ಬಾಗಲಾ ಕಡೆ ಇದ್ರಿ ಅಂತ ಖಾದರ ಹೇಳ್ಯಾನ. ನಡುವ?"

"ನಡುವ ಮತ್ತೆಲ್ಲಿ ಇರಾಕಾಗ್ತೈತ್ರಿ? ಪಾಳ್ಯಾಗ ನಿಂತಿದ್ದೆ."

"ಮಧ್ಯಾಹ್ನದ ಹೊತ್ತಿನ್ಯಾಗೂ?"

"ಒಂದ ಹೆಜ್ಜಿ ಅತ್ತಾಗ ಇತ್ತಾಗ ಸರದಿಲ್ಲ. ಪ್ರಾಯಶ್ಚಿತ್ತಕ್ಕ ನಿಂತಾಂವ ನಾ. ಬಿಸಲು ನೆತ್ತಿ ಸುಡಾಕತ್ತಿತ್ತು. ಮುಂದ ಒಬ್ಬಾಂವ ನಿಂತಿದ್ದ, ಕುತ್ತಿಗಿ ಮ್ಯಾಲೆ ಮಚ್ಚಿ ಐತಿ, ಕೊಬ್ಬರಿಎಣ್ಣಿ ಸೋರಾಕತ್ತಿತ್ತು. ಬಾಜೂಕ ಕೂಸು ಅಳಾಕತ್ತಿತ್ತು. ಹಿಂದ ನಿಂತಾಕಿ ಘಳಿಗಿಗೊಮ್ಮೆ ನನ್ನ ಹಿಮ್ಮಡ ತುಳ್ಯಾಕತ್ತಿದ್ಲು. ಕಾಲ ತಗ್ಯಾಕ ಸೈತ ಜಾಗಾ ಇದ್ದಿಲ್ರಿ, ಅಷ್ಟ್ ಮಂದಿ ಒತ್ತಿ ನಿಂತಿದ್ರು."

ಶ್ವೇತಾಳ ಪೆನ್ನು ನಿಂತಿತು. "ಹಡಗ ನಿಂತು ಖಾದರ ಊಟಕ್ಕ ಹ್ವಾದಾಗೂ ಹಿಂಗ ಒತ್ತಿ ನಿಂತಿದ್ರು?"

"ಆವಾಗಂತೂ ಇನ್ನೂ ಜಾಸ್ತಿ."

"ಯಾರರ ನಿಮ್ಮನ್ನ ನೋಡಿದಾವ್ರು?"

ಇದಕ್ಕೇ ಅವನು ಕಾಯುತ್ತಿದ್ದ. "ಜಕ್ಕಲಿ ಗುಡ್ಡವ್ವ ಅಂತ ಅದಾಳ್ರಿ, ವಯಸ್ಸಾದಾಕಿ. ನನ್ನ ಹಿಂದ ನಿಂತಿದ್ಲು. ಬಿಸಲಿಗೆ ಬಾಡೀನಿ ಅಂತ ಮಜ್ಜಿಗಿ ಕೊಟ್ಲು, ಪುಣ್ಯಾತಿಗಿತ್ತಿ. ಆಕೀನ್ನ ಕೇಳ್ರಿ."

ಗುಡ್ಡವ್ವನನ್ನು ಹುಡುಕಿಸುವ ಕೆಲಸವೇ ಬೀಳಲಿಲ್ಲ. ಆ ದಿನದ ಗಲಿಬಿಲಿಯಲ್ಲಿ ಮಜ್ಜಿಗೆಯ, ಕಲಾಯಿ ಹಾಕಿಸಿದ ತಾಮ್ರದ ಕೊಳಗ ಯಾರೂ ಕೇಳುವವರಿಲ್ಲದೆ ಬಿದ್ದಿತ್ತೆಂದು ಅದನ್ನು ಮನೆಗೊಯ್ದು, ಹುಣಸೆಹಣ್ಣು ಹಚ್ಚಿ ತಿಕ್ಕಿ, ನಿರ್ಮಲವ್ವನಿಗೆ ಕೊಟ್ಟು ಒಂದು ಮಾತಾಡಿಸಿ ಹೋಗಬೇಕೆಂದು ಅವಳು ಹೊರಗೆ ಬಂದು ಕೂತಿದ್ದಳು. ಶ್ವೇತಾ ಒಳಗೆ ಕರೆದು ತನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಬಸವಪ್ರಸಾದ ಮುದುಕಿಯನ್ನು ನೋಡಿ ನಕ್ಕ. ಅವಳೂ ನಕ್ಕಳು. ಇವರಿಗೆ ಮಜ್ಜಿಗೆ ಕೊಟ್ಟದ್ದು ಹೌದೇ ಎಂದು ಶ್ವೇತಾ ಕೇಳಿದಳು.

"ಹೌದ್ರೀ ಯವ್ವಾ, ಇವರಿಗೇ ಕೊಟ್ಟಿದ್ದು. ಪಾಪ, ಆಗಷ್ಟ ಬಂದಂಗಿತ್ತು ಇವರು, ನೆಳ್ಳಾಗ ಎಲ್ಲೂ ಕಂಡಿದ್ದಿಲ್ಲ," ಎಂದಳು ಗುಡ್ಡವ್ವ, ಅವನಿಗೆ ಒಳ್ಳೆಯದಾಗುವ ಮಾತು ಹೇಳುತ್ತಿದ್ದೇನೆ ಎಂಬ ಸಮಾಧಾನದಿಂದ. "ಪಾಳ್ಯಾಗ ಯಾರ ನಿಂತಿದ್ರು ಅಂದ್ರ ಏನ್ ಹೇಳ್ಲಿ? ಯಾರೂ ನಿಂತಿದ್ದಿಲ್ರಿ. ದೊಡ್ಡ ಧಣೇರು ಮೈಕಿನ್ಯಾಗ ಹೇಳಿದ್ರಲ್ಲ, ನಳದ ಮುಂದ ಕೊಡಾ ಇಟ್ಟಾಂಗ ಚಪ್ಪಲಿ ಪಾಳ್ಯಾಗ ಬಿಟ್ಟ್ ಬರ್ರಿ, ನಿಮ್ಮ ಪಾಳಿ ಎಲ್ಲೂ ಹೋಗಂಗಿಲ್ಲ,  ಹಳದಿ ಪಟ್ಟಿ ಮಂದಿಯ ಚಪ್ಪರದಾಗ ಎಲ್ಲಾರೂ ಕುಂದರ್ರಿ ಅಂತ. ಕಾಲು ಸುಡಬಾರದಂತ ತಾವ ನೀರು ಹೊಡದ್ರು, ತಾವ ಮಜ್ಜಿಗಿ ಹಾಕಿದ್ರು ನೋಡ್ರಿ, ಅಂಥಾ ದೇವರಂಥಾ ಮನಷ್ಯಾ. ಕೂಸು ಕುನ್ನಿ ಎಲ್ಲಾ ನೆಳ್ಳಿಗೆ ಬಂದ್ವು. ನಾ ಒಬ್ಬಾಕಿ ಕಟ್ಟಿ ಮ್ಯಾಲೆ ಕುಂತು ನೋಡ್ಕೋತಿದ್ದೆ, ನಾಯಿ ಗೀಯಿ ಎಳಕೊಂಡ್ ಹೋಗಬಾರದಂತ. ಪಾಳಿ ತುಂಬ ಬರೇ ಚಪ್ಪಲಿ. ಇವರು ಬಂದು ನಿಂತಾಗ ಇವರ ಕಾಲಾಗ ಬೂಟು ನೋಡೀನ ನಾ ಅಂದ್ಕೊಂಡ್ನಿ, ಪಾಪ, ಇವರ ಪಾಳಿ ಎಲ್ಲೋ ತಪ್ಪೈತಿ, ಮಜ್ಜಿಗಿನೂ ಸಿಕ್ಕಿಲ್ಲ ಅಂತ. ಬೂಟಿನ ಜೋಡಿ ಒಂದೂ ಇದ್ದಿಲ್ರೀ ಆ ಪಾಳ್ಯಾಗ." ಶ್ವೇತಾ ಪೆನ್ನು ಕೆಳಗಿಟ್ಟಳು. ಅವಳೂ, ಬಾಗಿಲಲ್ಲಿ ನಿಂತಿದ್ದ ಕಲ್ಲೇಶನೂ ಮೇಜಿನ ಕೆಳಗೆ ನೋಡಿದರು. ತಡೆಯಲಾಗದೆ ಬಸವಪ್ರಸಾದನೂ ನೋಡಿದ. ತೊಳೆದು ಹಾಕಿಕೊಂಡಿದ್ದ ಅದೇ ಬೂಟು; ಲೇಸು ಬಿಗಿಯಾಗಿಯೇ ಕಟ್ಟಿತ್ತು.